ಕಾಗೆನೂ ಬರ್ಕೊಳ್ಳಿ

ಮನೆ ಹಿತ್ತಲಿಗೆ ಬರೋ ಹಕ್ಕಿಗಳ ಪಟ್ಟಿ ಮಾಡ್ತೀನಿ ಅಂದ ತಕ್ಷಣ ಜನ ಕೇಳೋ ಮೊದಲ್ನೇ ಪ್ರಶ್ನೆ "ಯಾವ್ದಾದ್ರೂ ಅಪರೂಪದ್ದು ಬಂತಾ?" ಅಂತ. ಬಂದಿಲ್ಲ ಸ್ವಾಮಿ. ಕಾಗೆ ಬಂತು, ಪಿಕಳಾರ ಬಂತು, ಗೊರವಂಕ ಬಂತು, ಪಾರಿವಾಳ ಅಂತೂ ಹೋಗೋದೇ ಇಲ್ಲ. ಹೀಗಂದ್ರೆ ಕೇಳಿದವ್ರ ಮುಖ ಸಪ್ಪೆ ಆಗುತ್ತೆ. ನಂಗೆ ಮಾತ್ರ ಈ ಮಾಮೂಲಿ ಹಕ್ಕಿಗಳ ಲೆಕ್ಕನೇ ರುಚಿ ಹತ್ತಿಬಿಟ್ಟಿದೆ.

ಹಿತ್ತಲು ಅಂದ್ರೆ ದೊಡ್ಡದೇನಲ್ಲ. ಮೈಸೂರಲ್ಲಿ ನಲವತ್ತು ಅರವತ್ತರ ಸೈಟು, ಮನೆ ಕಟ್ಟಿ ಉಳಿದ ಜಾಗದಲ್ಲಿ ಒಂದು ಸೀಬೆ, ಒಂದು ನುಗ್ಗೆ, ಕರಿಬೇವು, ಅಮ್ಮನ ಪೂಜೆಗೆ ದಾಸವಾಳ, ಪಾರಿಜಾತ, ಮೂಲೇಲಿ ಪಾತ್ರೆ ತೊಳೆದ ನೀರು ಕುಡ್ಕೊಂಡು ಬೆಳೆದಿರೋ ಬಾಳೆ. ಮೈಸೂರಿನ ಯಾವ ಬಡಾವಣೆಗೆ ಹೋದ್ರೂ ಇಂಥದೇ ಹಿತ್ತಲು ಸಿಗುತ್ತೆ. ಆದ್ರೆ ಬೆಳಗ್ಗೆ ಕಾಫಿ ಲೋಟ ಹಿಡ್ಕೊಂಡು ಹಿಂದಿನ ಮೆಟ್ಟಿಲ ಮೇಲೆ ಕಾಲು ಗಂಟೆ ಸುಮ್ನೆ ಕೂತ್ರೆ ಹದಿನೈದು ಇಪ್ಪತ್ತು ಜಾತಿ ಹಕ್ಕಿ ಆರಾಮಾಗಿ ಸಿಗ್ತವೆ, ಅದ್ರಲ್ಲೂ ಅರ್ಧ ಕಣ್ಣಿಗಲ್ಲ, ಕಿವಿಗೆ.

ಮೊದಲು ಸೂರಕ್ಕಿ ವಿಷಯ ಹೇಳ್ಬಿಡ್ತೀನಿ, ಯಾಕಂದ್ರೆ ಹಿತ್ತಲಲ್ಲಿ ಗುರುತು ಹಿಡಿಯೋದಕ್ಕೆ ನಿಂತವ್ರೆಲ್ಲಾ ಮೊದಲು ತಲೆ ಕೆಡಿಸ್ಕೊಳ್ಳೋದು ಇದರ ಹತ್ರಾನೇ. ದಾಸವಾಳಕ್ಕೆ ಬರೋ ಪುಟಾಣಿ ಹಕ್ಕಿ, ಬಾಗಿದ ಕೊಕ್ಕು, ಎಲ್ಲರೂ "ಹಮ್ಮಿಂಗ್ ಬರ್ಡ್" ಅಂತಾರೆ, ಹಮ್ಮಿಂಗ್ ಬರ್ಡ್ ನಮ್ಮ ದೇಶದಲ್ಲೇ ಇಲ್ಲ, ಅದು ಅಮೆರಿಕ ಖಂಡದ್ದು. ನಮ್ಮ ಕಡೆ ಹಿತ್ತಲಿಗೆ ಬರೋದು ಮುಖ್ಯವಾಗಿ ಮೂರು ಸೂರಕ್ಕಿ: ಪರ್ಪಲ್ ರಂಪ್ಡ್, ಪರ್ಪಲ್, ಲೋಟನ್ಸ್. ಗಂಡುಗಳದ್ದು ಸಮಸ್ಯೆ ಇಲ್ಲ. ಪರ್ಪಲ್ ರಂಪ್ಡ್ ಗಂಡಿಗೆ ಹೊಟ್ಟೆ ಹಳದಿ, ಬೆನ್ನು ಮರೂನ್, ಬಿಸಿಲು ಬಿದ್ರೆ ನೆತ್ತಿ ಹಸಿರಾಗಿ ಮಿಂಚುತ್ತೆ. ಪರ್ಪಲ್ ಗಂಡು ಪೂರ್ತಿ ಕಪ್ಪುನೀಲಿ. ಲೋಟನ್ಸ್ ಕೂಡ ಹಾಗೇ ಕಾಣುತ್ತೆ, ಆದ್ರೆ ಕೊಕ್ಕು ಇನ್ನೂ ಉದ್ದ, ಇನ್ನೂ ಬಾಗಿರುತ್ತೆ, ಹೊಟ್ಟೆ ಕಡೆ ಕಂದು. ತಲೆನೋವು ಇರೋದು ಹೆಣ್ಣುಗಳದ್ದು. ಎಲ್ಲಾ ಮೇಲೆ ಕಂದು, ಕೆಳಗೆ ಹಳದಿ. ಇಲ್ಲಿ ನೋಡ್ಬೇಕಾಗಿರೋದು ಗಂಟಲು. ಗಂಟಲು ಬೂದು ಬಿಳಿ ಇದ್ದು ಎದೆಯಿಂದ ಹಳದಿ ಶುರು ಆದ್ರೆ ಪರ್ಪಲ್ ರಂಪ್ಡ್ ಹೆಣ್ಣು. ಗಂಟಲಿಂದ್ಲೇ ಹಳದಿ ಇಳಿದಿದ್ರೆ ಪರ್ಪಲ್ ಅಥವಾ ಲೋಟನ್ಸ್, ಆಗ ಕೊಕ್ಕಿನ ಉದ್ದ ನೋಡಿ. ಇಷ್ಟು ಕಲಿತು ಉಸ್ಸಪ್ಪಾ ಅನ್ನೋಷ್ಟರಲ್ಲಿ ಇನ್ನೊಂದು ಬರುತ್ತೆ, ಹೆಣ್ಣಿನ ಥರಾನೇ ಹಳದಿ ಮೈ, ಆದ್ರೆ ಗಂಟಲಿಂದ ಹೊಟ್ಟೆ ತನಕ ನಡುವೆ ಇಂಕು ಸೋರಿದ ಹಾಗೆ ಒಂದು ಕಪ್ಪು ಪಟ್ಟೆ. ಅದು ಹೊಸ ಜಾತಿ ಅಲ್ಲ, ಪರ್ಪಲ್ ಗಂಡೇ, ಮರಿ ಮಾಡೋ ಕಾಲ ಮುಗಿಸಿ ಮದುವೆ ಬಟ್ಟೆ ಬಿಚ್ಚಿಟ್ಟು ಓಡಾಡ್ತಿರೋ ವೇಷ.

ಈ ಪರ್ಪಲ್ ರಂಪ್ಡ್ ಜೋಡಿ ನಮ್ಮನೆ ಬಟ್ಟೆ ಒಣಗಿಸೋ ತಂತಿಯ ಕೊನೇಲಿ ಗೂಡು ಕಟ್ಟಿತ್ತು. ತಂತಿ ಕೊಕ್ಕೆಗೆ ಮೊದಲು ಜೇಡರ ಬಲೆ ಸುತ್ತಿದ್ಲು ಹೆಣ್ಣು (ಕಟ್ಟೋ ಕೆಲಸ ಅವಳದ್ದೇ, ಗಂಡು ಪಕ್ಕದಲ್ಲಿ ಕೂತು ಮೇಸ್ತ್ರಿ ಥರ ಕೂಗ್ತಿರುತ್ತೆ), ಆಮೇಲೆ ನಾರು, ಒಣಗಿದ ಎಲೆ ಚೂರು, ಮರದ ಸಿಪ್ಪೆ, ಕಂಬಳಿ ಹುಳದ ಹಿಕ್ಕೆ ಕೂಡ ತಂದು ಹೊರಗೆ ಅಂಟಿಸಿದ್ಲು. ನೋಡಿದ್ರೆ ಗೂಡು ಅಂತ ಅನ್ಸೋದೇ ಇಲ್ಲ, ಪೊರಕೆ ಕಸ ಜೇಡನ ಬಲೆಗೆ ಸಿಕ್ಕಾಕ್ಕೊಂಡಿದೆ ಅನ್ಸುತ್ತೆ, ಮನೆ ಕೆಲಸಕ್ಕೆ ಬರೋರು ಕಿತ್ತು ಬಿಸಾಕೋಕೆ ಹೋಗಿದ್ರು ಕೂಡ. ಬಾಗಿಲು ಪಕ್ಕದಲ್ಲಿ, ಅದ್ರ ಮೇಲೊಂದು ಪುಟ್ಟ ಸಜ್ಜೆ, ಮಳೆ ನೀರು ಒಳಗೆ ಹೋಗ್ಬಾರ್ದು ಅಂತ. ಕಾವು ಕೂರೋದು ಹೆಣ್ಣೊಂದೇ, ಹೆಚ್ಚುಕಮ್ಮಿ ಎರಡು ವಾರ. ಆಗ ಬಾಗಿಲಿಂದ ಬರೀ ಕೊಕ್ಕು ಮಾತ್ರ ಹೊರಗೆ ಕಾಣೋದು. ಮರಿ ಆದ್ಮೇಲೆ ಮಾತ್ರ ಗಂಡೂ ಹುಳ ತರ್ತಿತ್ತು. ಅಷ್ಟು ದಿನವೂ ಬಟ್ಟೆ ಎಲ್ಲಾ ಮೇಲಿನ ಟೆರೇಸಲ್ಲಿ, ಮಂಡಿ ನೋವು ಅಂತ ಗೊಣಗಿಕೊಂಡೇ ಅಮ್ಮ ಬಕೆಟ್ ಹೊತ್ಕೊಂಡು ಹತ್ತಿದ್ರು.

ಇಂಥ ಗೂಡು ಸಿಕ್ಕಾಗ ಒಂದು ಮಾತು. ಫೋನ್ ಹಿಡ್ಕೊಂಡು ಹತ್ರ ಹೋಗ್ಬೇಡಿ, ಎಲೆ ಸರಿಸಿ ಫೋಟೊ ತೆಗೀಬೇಡಿ. ನೀವು ಬಂದ್ಹೋದ ದಾರೀನ ಕಾಗೆ ನೋಡ್ತಿರುತ್ತೆ, ಕೆಂಬೂತ ನೋಡ್ತಿರುತ್ತೆ. ಕರಿಬೇವಿನ ಪಕ್ಕದ ಪೊದೇಲಿ ಪಿಕಳಾರದ ಗೂಡಿತ್ತು, ಒಂದು ಮಧ್ಯಾಹ್ನ ಕೆಂಬೂತ ಪೊದೆ ಒಳಗೆ ನುಗ್ಗಿ ಮರಿ ಕಚ್ಕೊಂಡು ಹೊರಗೆ ಬಂತು, ಎರಡು ಪಿಕಳಾರ ಅದ್ರ ತಲೆ ಮೇಲೆ ಹಾರಿ ಹಾರಿ ಅರಚ್ತಾ ಇದ್ವು, ಅದು ಮಾತ್ರ ಏನೂ ಆಗಿಲ್ಲ ಅನ್ನೋ ಹಾಗೆ ಗೋಡೆ ಮೇಲೆ ನಡ್ಕೊಂಡು ಹೋಯ್ತು. ಬೇಜಾರಾಯ್ತು ನಿಜ. ಆದ್ರೂ ಪಟ್ಟೀಲಿ ಕೆಂಬೂತ 1, ಪಿಕಳಾರ 2. ಕೆಂಬೂತಕ್ಕೂ ಮನೇಲಿ ಮರಿ ಇದ್ದಿರ್ಬೋದು.

ಈಗ ಬರೆದಿಡೋ ವಿಷಯಕ್ಕೆ ಬರೋಣ. ನಾನು ಎರಡು ಕಡೆ ಬರೀತೀನಿ. ಒಂದು ಇಬರ್ಡ್ ಆ್ಯಪು, ಇನ್ನೊಂದು ಹಳೇ ಡೈರಿ. ಇಬರ್ಡ್ ಅನ್ನೋದು ಅಮೆರಿಕದ ಕಾರ್ನೆಲ್ ಹಕ್ಕಿ ಸಂಶೋಧನಾ ಕೇಂದ್ರದವ್ರು 2002ರಲ್ಲಿ ಶುರು ಮಾಡಿದ್ದು, ಫ್ರೀ, ನಮ್ಮ ದೇಶದಲ್ಲಿ ಬರ್ಡ್ ಕೌಂಟ್ ಇಂಡಿಯಾದವ್ರು ಇದನ್ನ ಜನಕ್ಕೆ ಮುಟ್ಟಿಸೋ ಕೆಲಸ ಮಾಡ್ತಾರೆ. ಲಿಸ್ಟ್ ಶುರು ಮಾಡಿದ ಟೈಮು, ಎಷ್ಟು ಹೊತ್ತು ನೋಡಿದ್ರಿ, ಕೂತ ಜಾಗದಲ್ಲೇ ನೋಡಿದ್ರಾ ನಡ್ಕೊಂಡು ನೋಡಿದ್ರಾ, ಯಾವ ಹಕ್ಕಿ ಎಷ್ಟು, ಇಷ್ಟೇ. ಕೊನೇಲಿ ಒಂದು ಪ್ರಶ್ನೆ ಕೇಳುತ್ತೆ: ನೀವು ಗುರುತು ಹಿಡಿದ ಎಲ್ಲಾ ಹಕ್ಕಿನೂ ಬರೆದಿದೀರಾ? ಹೌದು ಅಥವಾ ಇಲ್ಲ. ಎಲ್ಲಾ ಇರೋದು ಇಲ್ಲೇ ನೋಡಿ.

"ಹೌದು" ಅಂತ ಒತ್ತಿದ್ರೆ, ಬರೆದಿರೋ ಹಕ್ಕಿಗಳು ಕಂಡ್ವು ಅಂತ ಮಾತ್ರ ಅಲ್ಲ, ಬರೀದೇ ಇರೋವು ಆ ಹೊತ್ತಲ್ಲಿ ನಿಮ್ಮ ಕಣ್ಣಿಗೂ ಕಿವಿಗೂ ಬೀಳಲಿಲ್ಲ ಅಂತಾನೂ ಗೊತ್ತಾಗುತ್ತೆ. ಗುಬ್ಬಿ ಇಲ್ಲ ಅನ್ನೋದೂ ಒಂದು ಮಾಹಿತಿ. ಯಾರೋ ಒಬ್ರು ಕಾಗೆ ಯಾರಿಗೆ ಬೇಕು ಅಂತ ಕಾಗೆ ಬಿಟ್ಟು, ಪಾರಿವಾಳ ಬಿಟ್ಟು, ರಾಜಹಕ್ಕಿ ಒಂದೇ ಬರೆದು "ಹೌದು, ಪೂರ್ತಿ" ಅಂತ ಒತ್ತಿದ್ರು ಅನ್ಕೊಳ್ಳಿ, ಆವತ್ತು ಮೈಸೂರಲ್ಲಿ ಕಾಗೆನೇ ಇರ್ಲಿಲ್ಲ ಅಂತ ಕಂಪ್ಯೂಟರ್ ನಂಬುತ್ತೆ. ದೇಶದಲ್ಲಿ ಯಾವ ಹಕ್ಕಿ ಕಮ್ಮಿ ಆಗ್ತಿದೆ ಯಾವ್ದು ಜಾಸ್ತಿ ಆಗ್ತಿದೆ ಅನ್ನೋ ಲೆಕ್ಕ ನಿಂತಿರೋದೇ ಈ ಪೂರ್ತಿ ಪಟ್ಟಿಗಳ ಮೇಲೆ, ನೂರು ಪಟ್ಟೀಲಿ ಎಷ್ಟರಲ್ಲಿ ಈ ಹಕ್ಕಿ ಇದೆ, ಹಿಂದೆ ಎಷ್ಟರಲ್ಲಿ ಇತ್ತು, ಅಂತ.

ಹಾಗೆ ಲೆಕ್ಕ ಹಾಕಿನೇ 2020ರಲ್ಲಿ ಮೊದಲ ಸಲ, ಆಮೇಲೆ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿ ವರದಿ ಬಂತು. ಎರಡನೇದ್ರಲ್ಲಿ 942 ಜಾತಿ ನೋಡಿದ್ರು, ಮೂವತ್ತು ಸಾವಿರಕ್ಕೂ ಹೆಚ್ಚು ಜನ ಕೊಟ್ಟ ಸುಮಾರು ಮೂರು ಕೋಟಿ ದಾಖಲೆ ಅದಕ್ಕೆ ಆಧಾರ. ವಿಜ್ಞಾನಿಗಳು ಅಂತ ಸಂಬಳ ತಗೊಳ್ಳೋರು ಅದ್ರಲ್ಲಿ ಎಷ್ಟು ಜನ ಇರ್ತಾರೆ, ಮಿಕ್ಕವರೆಲ್ಲಾ ನಮ್ಮ ನಿಮ್ಮಂಥೋರೇ. ಅದ್ರಲ್ಲಿ ನಮಗೆ ಚುಚ್ಚೋ ವಿಷಯ ಏನಂದ್ರೆ ನೀಲಕಂಠ, ನಮ್ಮ ರಾಜ್ಯದ ಹಕ್ಕಿ. ಕರೆಂಟ್ ತಂತಿ ಮೇಲೆ ಕೂತಿರುತ್ತೆ, ಮಾಮೂಲಿ ಹಕ್ಕಿ ಅಂತ ಎಲ್ಲರೂ ಅನ್ಕೊಂಡಿದ್ದದ್ದೇ ಶೇಕಡಾ ಮೂವತ್ತಕ್ಕಿಂತ ಜಾಸ್ತಿ ಕುಸಿದಿದೆ, ಯಾವ ಜೀವಿ ಎಷ್ಟು ಅಪಾಯದಲ್ಲಿದೆ ಅಂತ ಹೇಳೋ ಐಯುಸಿಎನ್ ಸಂಸ್ಥೆಯ ಕೆಂಪು ಪಟ್ಟೀಲಿ ಇದರ ಸ್ಥಾನ ಮತ್ತೆ ಪರಿಶೀಲನೆ ಮಾಡ್ಬೇಕು ಅಂತ ಆ ವರದಿ ಹೇಳ್ತು. ಅದೇ ಹೊತ್ತಿಗೆ ನವಿಲು, ಕೋಗಿಲೆ, ಪಾರಿವಾಳ ಜಾಸ್ತಿ ಆಗಿದಾವೆ. ಗುಬ್ಬಿದು ಇನ್ನೊಂದು ಕಥೆ, ಮೊಬೈಲ್ ಟವರ್ ಬಂದು ಗುಬ್ಬಿ ನಾಶ ಆಯ್ತು ಅಂತ ವಾಟ್ಸಾಪಲ್ಲಿ ವರ್ಷಕ್ಕೊಂದ್ಸಲ ಮಾರ್ಚ್ ಇಪ್ಪತ್ತಕ್ಕೆ ಓಡಾಡುತ್ತಲ್ಲ, 2020ರ ವರದಿ ಪ್ರಕಾರ ದೇಶದ ಲೆಕ್ಕದಲ್ಲಿ ಗುಬ್ಬಿ ಹೆಚ್ಚುಕಮ್ಮಿ ಹಾಗೇ ಇದೆ, ಕಮ್ಮಿ ಆಗಿರೋದು ಬೆಂಗಳೂರಿನಂಥ ದೊಡ್ಡ ದೊಡ್ಡ ಊರುಗಳಲ್ಲಿ. ಫಾರ್ವರ್ಡ್ ಮಾಡೋ ಮೊದಲು ಓದಿ ಅಂತ ನಮ್ಮ ಫ್ಯಾಮಿಲಿ ಗ್ರೂಪಲ್ಲಿ ಹಾಕಿದ್ದೆ, ಒಬ್ಬರೂ ಓದಿಲ್ಲ, ಮಾರನೇ ವರ್ಷ ಅದೇ ಟವರು ಅದೇ ಗುಬ್ಬಿ ಮತ್ತೆ ಬಂತು.

ನಮ್ಮೂರು ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ ಅನ್ನೋದು ಒಂದು ಸಣ್ಣ ಜಂಬ. 1939-40ರಲ್ಲಿ ಹಕ್ಕಿ ತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿ ಸರ್ವೆ ಮಾಡಿದ್ರು. 2014ರಿಂದ 2016ರ ತನಕ ಮೈಸೂರಿನ ಹಕ್ಕಿ ಪ್ರಿಯರು ಸೇರ್ಕೊಂಡು ಊರಿನ ಹಕ್ಕಿಗಳ ಅಟ್ಲಾಸೇ ಮಾಡಿದ್ರು, ಅಂದ್ರೆ ಯಾವ ಹಕ್ಕಿ ಎಲ್ಲೆಲ್ಲಿದೆ ಅನ್ನೋ ನಕ್ಷೆ, ಕೆರೆ ಬೆಟ್ಟ ಮಾತ್ರ ಅಲ್ಲ, ನಮ್ಮಂಥ ಬಡಾವಣೆ ಬೀದಿಗಳಲ್ಲೂ ಓಡಾಡಿ ಬರ್ಕೊಂಡ್ರು. ಹಕ್ಕಿ ನೋಡೋದಂದ್ರೆ ಕಬಿನಿಗೇ ಹೋಗ್ಬೇಕು ರಂಗನತಿಟ್ಟಿಗೇ ಹೋಗ್ಬೇಕು ಅನ್ನೋರಿಗೆ ಇದನ್ನ ಹೇಳ್ತಿರ್ತೀನಿ.

ಎಣಿಸೋದ್ರಲ್ಲಿ ಒಂದು ಸೂಕ್ಷ್ಮ ಇದೆ. ನುಗ್ಗೆ ಹೂವಿಗೆ ಎರಡು ಸೂರಕ್ಕಿ ಬಂದ್ವು, ಹೋದ್ವು, ಐದು ನಿಮಿಷ ಬಿಟ್ಟು ಎರಡು ಬಂದ್ವು, ಮತ್ತೆ ಎರಡು. ಆರು ಅಂತ ಬರೀಬಾರ್ದು, ಅವೇ ಎರಡು ಬಂದಿರೋ ಸಾಧ್ಯತೆನೇ ಜಾಸ್ತಿ. ಒಂದೇ ಸಲಕ್ಕೆ ಎಷ್ಟು ಕಂಡ್ವೋ ಅದನ್ನ ಹಿಡ್ಕೊಳ್ಳಿ. ಒಂದು ಗಂಡು ಒಂದು ಹೆಣ್ಣು ಬಂದು ಹೋಗಿ, ಆಮೇಲೆ ಎರಡು ಹೆಣ್ಣು ಒಟ್ಟಿಗೆ ಬಂದ್ರೆ ಆಗ ಕನಿಷ್ಠ ಮೂರು. ಹರಟೆಮಲ್ಲಗಳದ್ದು ಸುಲಭ, ಗುಂಪಾಗಿ ಬಂದು ಒಂದಾದ್ಮೇಲೊಂದು ಗೋಡೆ ಹಾರ್ತವೆ, ಬೇಲಿ ದಾಟೋ ಕುರಿ ಎಣಿಸಿದ ಹಾಗೆ ಎಣಿಸ್ಕೊಬೋದು. ಸಂಜೆ ಕಾಗೆಗಳು ಗುಂಪು ಗುಂಪಾಗಿ ಮಲಗೋ ಮರಕ್ಕೆ ಹೋಗ್ತವಲ್ಲ, ಅವನ್ನ ಹತ್ತು ಹತ್ತರ ಲೆಕ್ಕದಲ್ಲಿ ಅಂದಾಜು ಮಾಡಿ. ಟೆರೇಸಲ್ಲಿ ನಿಂತು ಬೆರಳು ಮಡಚ್ತಿದ್ದೆ, ಪಕ್ಕದ್ಮನೆ ಅಂಕಲ್ ಏನ್ ಲೆಕ್ಕಾರೀ ಅಂದ್ರು, ಕಾಗೆ ಅಂದೆ, ಮುಖ ನೋಡಿದ್ರು, ಒಳಗೆ ಹೋದ್ರು. ಅಂದ್ಹಾಗೆ ಕಾಗೆಲೂ ಎರಡಿದಾವೆ, ಕುತ್ತಿಗೆ ಬೂದು ಇರೋದು ಊರುಕಾಗೆ, ಪೂರ್ತಿ ಕಪ್ಪಿದ್ದು ಕೊಕ್ಕು ದಪ್ಪ ಇರೋದು ಕಾಡುಕಾಗೆ. ವೈಕುಂಠ ಸಮಾರಾಧನೆ ದಿನ ಪಿಂಡಕ್ಕೆ ಯಾವ್ದು ಬಂತು ಅಂತ ಕೂಡ ನಾನು ಗಮನಿಸಿದ್ದೆ, ಅದನ್ನ ಯಾರ ಹತ್ರಾನೂ ಹೇಳಿಲ್ಲ.

ಮೇಲೆ ಹಾರ್ಕೊಂಡು ಹೋಗೋವೂ ಪಟ್ಟಿಗೆ ಸೇರ್ತವೆ ಅನ್ನೋದು ತುಂಬಾ ಜನಕ್ಕೆ ಗೊತ್ತಿಲ್ಲ. ಒಂಬತ್ತು ಗಂಟೆ ಮೇಲೆ ಬಿಸಿಲೇರಿ ಗಾಳಿ ಮೇಲೇಳೋಕೆ ಶುರು ಆದಾಗ ತಲೆ ಎತ್ತಿ ನೋಡಿ, ಕುಕ್ಕರಹಳ್ಳಿ ಕೆರೆ ಕಡೆಯ ಹೆಜ್ಜಾರ್ಲೆಗಳು (ಪೆಲಿಕನ್) ರೆಕ್ಕೆ ಅಲ್ಲಾಡಿಸ್ದೇ ಸುತ್ತು ಹೊಡೀತಾ ಮೇಲೇರ್ತಿರ್ತವೆ. ನಲವತ್ತು ಅರವತ್ತರ ಸೈಟಿನ ಪಟ್ಟೀಲಿ ಹೆಜ್ಜಾರ್ಲೆ! ಬಣ್ಣದ ಕೊಕ್ಕರೆ ಕೂಡ ಹಾಗೇ ಸಿಕ್ಕಿದೆ. ಇದೇನೂ ಮೋಸ ಅಲ್ಲ, ನಿಯಮದಲ್ಲೇ ಇದೆ.

ಶಬ್ದದ ಬಗ್ಗೆ. ಮರ್ಲಿನ್ ಅಂತ ಇನ್ನೊಂದು ಆ್ಯಪ್ ಇದೆ, ಅದೂ ಕಾರ್ನೆಲ್‌ನವ್ರದ್ದೇ, ಮೈಕ್ ಆನ್ ಮಾಡಿದ್ರೆ ಕೂಗ್ತಿರೋ ಹಕ್ಕಿಗಳ ಹೆಸರು ಪಟ ಪಟ ಅಂತ ತೋರ್ಸುತ್ತೆ. ಕಲಿಯೋರಿಗೆ ಇದಕ್ಕಿಂತ ಒಳ್ಳೇ ಮೇಷ್ಟ್ರು ಇಲ್ಲ. ಆದ್ರೆ ಅದು ಹೇಳಿದ್ದನ್ನೆಲ್ಲಾ ಸೀದಾ ಪಟ್ಟಿಗೆ ಹಾಕೋದು ನಂಗೆ ಇಷ್ಟ ಇಲ್ಲ. ಮಲೆನಾಡಿನ ನೆಂಟರ ಮನೆಗೆ ಹೋದಾಗ ಶಿಕ್ರಾ (ಒಂದು ಸಣ್ಣ ಬೇಟೆ ಹಕ್ಕಿ) ಅಂತ ತೋರಿಸ್ತು, ನೋಡಿದ್ರೆ ಅಡಿಕೆ ಮರದ ಮೇಲೆ ಭೀಮರಾಜ ಕೂತಿದೆ, ಬಾಲದಲ್ಲಿ ಎರಡು ತಂತಿ ಬಿಟ್ಕೊಂಡು ಶಿಕ್ರಾನ ದನಿ ಮಾಡ್ತಿದೆ, ಮಿಮಿಕ್ರಿ ಅದ್ರ ಹುಟ್ಟುಗುಣ. ಆ್ಯಪ್ ಹೆಸರು ಹೇಳಲಿ, ಆಮೇಲೆ ನೀವು ಆ ಕೂಗನ್ನ ಹಿಡ್ಕೊಂಡು ಹುಡುಕಿ, ಕಣ್ಣಲ್ಲಿ ನೋಡಿ ಇಲ್ಲಾ ಎರಡು ಮೂರು ಸಲ ಕಿವಿಗೊಟ್ಟು ಕೇಳಿ, ಆಮೇಲೆ ಬರೀರಿ. ಹಾಗೇ ಕಲಿತ್ರೆ ಕೆಲವು ಮರೆಯೋದೇ ಇಲ್ಲ. ಟುವ್ವಿ ಹಕ್ಕಿ, ಹೆಬ್ಬೆಟ್ಟು ಗಾತ್ರ, ಟುವ್ವಿ ಟುವ್ವಿ ಅಂತ ಇಡೀ ಬೀದಿಗೆ ಕೇಳೋ ಹಾಗೆ ಅರಚುತ್ತೆ. ಕಂಚುಗಾರ ಕುಟ್ರು ಎಲ್ಲೋ ದೂರದಲ್ಲಿ ಟುಕ್ ಟುಕ್ ಟುಕ್ ಅಂತ ಮಧ್ಯಾಹ್ನ ಪೂರ್ತಿ ಕುಟ್ತಾನೇ ಇರುತ್ತೆ.

ಚಳಿಗಾಲಕ್ಕೆ ಬರೋವು ಇನ್ನೂ ಕಿವಿ ಕೆಲಸ. ಗ್ರೀನಿಶ್ ವಾರ್ಬ್ಲರ್ ಮತ್ತೆ ಬ್ಲೈತ್ಸ್ ರೀಡ್ ವಾರ್ಬ್ಲರ್, ಎರಡೂ ಚಿಕ್ಕವು, ಎರಡೂ ಕಣ್ಣಿಗೆ ಮಣ್ಣುಹಸಿರು, ಒಂದು ಸೆಕೆಂಡ್ ನಿಲ್ಲಲ್ಲ. ನೋಡಿ ಹೇಳ್ತೀನಿ ಅಂತ ಹಠ ಹಿಡಿದ್ರೆ ಕುತ್ತಿಗೆ ನೋವು ಗ್ಯಾರಂಟಿ. ಆದ್ರೆ ಮರದ ಮೇಲ್ಗಡೆ ಎಲೆಗಳ ನಡುವೆ "ಚಿವೀಟ್" ಅಂದ್ರೆ ಗ್ರೀನಿಶ್, ಕೆಳಗೆ ಪೊದೆ ಒಳಗೆ ಯಾರೋ ನಾಲಿಗೆ ಲೊಚಗುಟ್ಟಿದ ಹಾಗೆ "ಚೆಕ್... ಚೆಕ್" ಅಂದ್ರೆ ಬ್ಲೈತ್ಸ್. ದಾಸವಾಳದ ಬುಡದಲ್ಲಿ ಈ ಚೆಕ್ ಮೊದಲ ಸಲ ಕೇಳಿದ ದಿನಾನ ಡೈರೀಲಿ ಗುಂಡು ಸುತ್ತಿ ಇಡ್ತೀನಿ, ಮಧ್ಯ ಏಷ್ಯಾ ಕಡೆಯಿಂದ ಹಾರ್ಕೊಂಡು ಬಂದು ನಮ್ಮನೆ ಪಾತ್ರೆ ತೊಳೆಯೋ ಕಲ್ಲಿನ ಪಕ್ಕ ಚಳಿಗಾಲ ಕಳೆಯೋ ಅತಿಥಿ ಅದು. ಸಂಕ್ರಾಂತಿ ಕಳೆದು ಶಿವರಾತ್ರಿ ಹತ್ರ ಬಂದ್ರೆ ಇನ್ನೊಂದು ಗುಂಡು, ಕೋಗಿಲೆಗೆ. ಕೋಗಿಲೆ ಎಲ್ಲಿಗೂ ಹೋಗಿರಲ್ಲ, ಚಳಿಗಾಲದಲ್ಲೂ ಇಲ್ಲೇ ಇರುತ್ತೆ, ಕರಿಬೇವಿನ ಹಣ್ಣು ತಿನ್ಕೊಂಡು ಬಾಯಿ ಮುಚ್ಕೊಂಡು ಇರುತ್ತೆ ಅಷ್ಟೇ. ಯುಗಾದಿಗೆ ಕೋಗಿಲೆ ಕೂಗೋದು ಅಂತ ಓದಿ ಬೆಳೆದೋರು ನಾವು, ನನ್ನ ಡೈರಿ ಪ್ರಕಾರ ಅದು ಯುಗಾದಿ ತನಕ ಕಾಯೋದೇ ಇಲ್ಲ.

ಡೈರಿ ಯಾಕೆ ಬೇಕು, ಆ್ಯಪ್ ಇದೆಯಲ್ಲ ಅಂತ ಮಗಳು ಕೇಳ್ತಾಳೆ. ಆ್ಯಪಿನಲ್ಲಿ ಪಿಕಳಾರ 4 ಅಂತ ಇರುತ್ತೆ, ಅದು ಯಾವ ಹಣ್ಣು ತಿಂತಿತ್ತು, ಯಾವ ಮರದ ಮೇಲೆ ಯಾರನ್ನ ಓಡಿಸ್ತು, ಹಿಂದಿನ ದಿನ ಮಳೆ ಬಂದಿತ್ತಾ, ಇದೆಲ್ಲಾ ಅಲ್ಲೂ ಬರೀಬೋದು, ನಂಗೆ ಫೋನಲ್ಲಿ ಅಷ್ಟು ಟೈಪ್ ಮಾಡೋಕೆ ಬೇಜಾರು. ಇನ್ನೊಂದು, ಇಬರ್ಡಲ್ಲಿ ಮನೆ ಜಾಗ ಗುರುತು ಮಾಡುವಾಗ ನಿಮ್ಮ ಹೆಸರು, ಮನೆ ನಂಬರ್, ಕ್ರಾಸು ಎಲ್ಲಾ ಹಾಕ್ಬೇಡಿ, ಪಟ್ಟಿ ಬೇರೆಯವ್ರೂ ನೋಡ್ತಾರೆ, "ಮನೆ ಹಿತ್ತಲು, ಮೈಸೂರು" ಸಾಕು.

ಡೈರಿ ಇದ್ದಿದ್ದಕ್ಕೇ ನಂಗೆ ಬದನಿಕೆ ಹಕ್ಕಿ ಕಥೆ ಹಿಡಿಯೋಕಾಯ್ತು. ಬದನಿಕೆ ಹಕ್ಕಿ ಅಂದ್ರೆ ಎಂಟು ಸೆಂಟಿಮೀಟರ್ ಉದ್ದ, ನಮ್ಮ ದೇಶದ ಅತಿ ಚಿಕ್ಕ ಹಕ್ಕಿಗಳಲ್ಲಿ ಒಂದು, ಬಣ್ಣನೂ ಇಲ್ಲ, ಬೂದು ಮೈ, ತಿಳಿ ಬಣ್ಣದ ಕೊಕ್ಕು, ಟಿಕ್ ಟಿಕ್ ಟಿಕ್ ಅಂತ ದನಿ. ಮಾವಿನ ಮರದ ಮೇಲೆ ಅದ್ರ ಸಾರ ಹೀರ್ಕೊಂಡು ಬೆಳೆಯೋ ಬದನಿಕೆ ಗಿಡದ ಹಣ್ಣು ತಿನ್ನುತ್ತೆ, ಅದ್ರ ಬೀಜ ಅಂಟು ಅಂಟು, ಹಕ್ಕಿ ಅದನ್ನ ಬೇರೆ ಕೊಂಬೆಗೆ ಉಜ್ಜಿ ಅಂಟಿಸಿ ಹೋಗುತ್ತೆ, ಅಲ್ಲೇ ಹೊಸ ಬದನಿಕೆ ಹುಟ್ಟುತ್ತೆ. ಮಾವಿನ ತೋಟದವ್ರಿಗೆ ಇದ್ರ ಮೇಲೆ ಪ್ರೀತಿ ಅಷ್ಟಕ್ಕಷ್ಟೇ. ಊರಲ್ಲಿ ಇದಕ್ಕೆ ಇನ್ನೊಂದು ಊಟದ ಮನೆ ಗಸಗಸೆ ಹಣ್ಣಿನ ಮರ. ಹಿಂದಿನ ರಸ್ತೆ ಖಾಲಿ ಸೈಟಲ್ಲಿ ಒಂದು ದೊಡ್ಡ ಗಸಗಸೆ ಮರ ಇತ್ತು, ನಮ್ಮ ಪಟ್ಟೀಲಿ ಬದನಿಕೆ ಹಕ್ಕಿ ಹೆಚ್ಚುಕಮ್ಮಿ ದಿನಾ ಇರ್ತಿತ್ತು, ನೋಡೋದಲ್ಲ, ಬರೀ ಟಿಕ್ ಟಿಕ್ ಅಂತ ನಮ್ಮ ಹಿತ್ತಲು ದಾಟಿ ಆ ಕಡೆ ಹೋಗೋ ದನಿ. ಸೈಟಿನವ್ರು ಮನೆ ಕಟ್ಟೋಕೆ ಶುರು ಮಾಡಿ ಮರ ಕಡಿಸಿದ್ರು. ಅವರ ಸೈಟು, ಅವರ ಮನೆ, ಹೇಳೋಕೇನಿದೆ. ಬೀದೀಲಿ ಯಾರಿಗೂ ಏನೂ ಅನ್ನಿಸಲಿಲ್ಲ, ಇನ್ನೂ ಎಲೆ ಕಸ ಕಮ್ಮಿ ಆಯ್ತು ಅಂತ ಖುಷಿ ಪಟ್ರು. ಸ್ವಲ್ಪ ತಿಂಗಳು ಬಿಟ್ಟು ಡೈರಿ ತಿರುವಿ ನೋಡ್ತೀನಿ, ಬದನಿಕೆ ಹಕ್ಕಿ ವಾರಕ್ಕೊಂದ್ಸಲಕ್ಕೆ ಇಳಿದಿದೆ, ಆಮೇಲೆ ಅದೂ ಇಲ್ಲ. ನೀಲಕಂಠ ಹೋದ್ರೆ ಯಾರಾದ್ರೂ ಒಬ್ರು ಎಲ್ಲೋಯ್ತು ಅಂತ ಕೇಳ್ತಾರೆ, ಬೂದು ಬಣ್ಣದ ಎಂಟು ಸೆಂಟಿಮೀಟರ್ ಹಕ್ಕಿನ ಯಾರು ಕೇಳ್ತಾರೆ. ಇದ್ದಾಗ ದಿನಾ ಬರೆದಿರೋದ್ರಿಂದ ಹೋಗಿದ್ದು ಗೊತ್ತಾಯ್ತು.

ಹತ್ರದಲ್ಲಿ ಇರೋ ಜನಕ್ಕೆ ನಾನು ಹೇಳೋದು ಫೆಬ್ರವರೀಲಿ ಶುರು ಮಾಡಿ ಅಂತ. ಪ್ರತಿ ವರ್ಷ ಫೆಬ್ರವರೀಲಿ ನಾಲ್ಕು ದಿನ ಗ್ರೇಟ್ ಬ್ಯಾಕ್‌ಯಾರ್ಡ್ ಬರ್ಡ್ ಕೌಂಟ್ ನಡೆಯುತ್ತೆ, ನಮ್ಮ ದೇಶದಲ್ಲಿ 2013ರಿಂದ ಇದೆ, ಕನಿಷ್ಠ ಹದಿನೈದು ನಿಮಿಷ ಒಂದು ಕಡೆ ನಿಂತು ಕಂಡಿದ್ದೆಲ್ಲಾ ಬರೀಬೇಕು. ಬೈನಾಕ್ಯುಲರ್ ಇಲ್ದೇ ಇದ್ರೂ ನಡೆಯುತ್ತೆ. ಗೊತ್ತಾಗದೇ ಇದ್ದ ಹಕ್ಕಿ ಬಂದ್ರೆ ಗೊತ್ತಾಗಿಲ್ಲ ಅಂತ ಬಿಡಿ, ಊಹೆ ಮಾಡಿ ತುಂಬಿಸ್ಬೇಡಿ. ವಿಚಿತ್ರದ್ದೇನಾದ್ರೂ ಹಾಕಿದ್ರೆ ಇಬರ್ಡಿನ ವಾಲಂಟಿಯರ್‌ಗಳು ಮೆಯಿಲ್ ಮಾಡಿ ವಿವರ ಕೇಳ್ತಾರೆ, ಅದನ್ನ ಅವಮಾನ ಅಂತ ತಗೊಂಡು ಸಿಟ್ಟು ಮಾಡ್ಕೊಳ್ಳೋರಿದಾರೆ, ನಂಗಂತೂ ಯಾರೋ ಒಬ್ಬರು ಕೂತು ನನ್ನ ಹಿತ್ತಲಿನ ಪಟ್ಟಿ ಓದ್ತಿದಾರಲ್ಲ ಅಂತಾನೇ ಖುಷಿ.

ಗಸಗಸೆ ಗಿಡ ನಾನೇ ಒಂದು ಹಾಕಿದೀನಿ, ಗೇಟಿನ ಪಕ್ಕ. ಅದು ನಮ್ಮ ದೇಶದ ಮರ ಅಲ್ಲ, ಅಮೆರಿಕ ಕಡೆಯದ್ದು, ಹಾಕ್ಬೇಕಾದ್ರೆ ಅತ್ತಿ ಹಾಕ್ಬೇಕಿತ್ತು ಅಂತ ಹಕ್ಕಿ ಗೆಳೆಯರೊಬ್ಬರು ಪಾಠ ಮಾಡಿದ್ರು. ಅತ್ತಿ ಹಾಕೋಕೆ ನಮ್ಮ ಸೈಟಲ್ಲಿ ಜಾಗ ಎಲ್ಲಿದೆ, ಬೇರು ನೀರಿನ ಸಂಪ್ ಒಳಗೆ ಬಂದ್ರೆ ಮನೇಲಿ ನನ್ನನ್ನೇ ಹೊರಗೆ ಹಾಕ್ತಾರೆ. ಗಸಗಸೆ ಬೇಗ ಬೆಳೆಯೋ ಜಾತಿ, ಈಗ್ಲೇ ಕಾಂಪೌಂಡ್ ದಾಟಿ ಬಿಳಿ ಹೂ ಬಿಟ್ಟಿದೆ, ಮೊನ್ನೆ ಎರಡು ಹಣ್ಣು ಕೆಂಪಗಾಗಿತ್ತು, ಒಂದನ್ನ ಅಳಿಲು ತಿಂತು, ಇನ್ನೊಂದನ್ನ ಪಕ್ಕದ್ಮನೆ ಅಂಕಲ್ಲು.